ಸ್ವೀಟ್ ಕಾರ್ನ್: ಐದೇ ನಿಮಿಷ ಬೆಂದರೆ ಸಾಕು

ಮಳೆಗಾಲದ ಸಂಜೆ ರಸ್ತೆಬದಿಯ ಕೆಂಡದ ಮೇಲೆ ಸುಡುವ ಮುಸುಕಿನ ಜೋಳದ ಘಮಕ್ಕೆ ಮಾರುಹೋಗದವರು ವಿರಳ. ನಗರದ ತರಕಾರಿ ಅಂಗಡಿಗಳಲ್ಲಿ ಅದರ ಜೊತೆಗೆ ಸಿಹಿ ಜೋಳ, ಅಂದರೆ ಸ್ವೀಟ್ ಕಾರ್ನ್ ಕೂಡ ಈಗ ಸ್ಥಾನ ಪಡೆದಿದೆ. ಆದರೆ ಹಣ ತೆತ್ತು ತಂದ ತೆನೆ ಬೇಯಿಸಿದಾಗ ಸಪ್ಪೆಯಾಯಿತು, ಕಾಳು ಗಟ್ಟಿಯಾಯಿತು ಎಂಬ ದೂರು ಸಾಮಾನ್ಯ. ಇದಕ್ಕೆ ಕಾರಣ ಎರಡು: ತೆನೆಯನ್ನು ಹೊರಗಿಟ್ಟು ಕಾಯುವುದು ಮತ್ತು ನಾಟಿ ಜೋಳದಂತೆಯೇ ಅದನ್ನು ಅತಿಯಾಗಿ ಬೇಯಿಸುವುದು.

ವ್ಯತ್ಯಾಸವೇನು?: ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಹೇರಳವಾಗಿ ಬೆಳೆಯುವ ಮೆಕ್ಕೆಜೋಳದ ಕಾಳಿನಲ್ಲಿ ಸಕ್ಕರೆಯು ಬೇಗನೆ ಪಿಷ್ಟವಾಗಿ ಮಾರ್ಪಡುತ್ತದೆ. ಪಿಷ್ಟ ನೀರು ಹೀರಿ ಮೆತ್ತಗಾಗಲು ಸಮಯ ಬೇಕು. ಆದ್ದರಿಂದಲೇ ಅದನ್ನು ಕುಕ್ಕರಿನಲ್ಲಿ ಮೂರು-ನಾಲ್ಕು ಕೂಗು ಬರುವವರೆಗೆ ಬೇಯಿಸುವುದು ರೂಢಿ. ಸಿಹಿ ಜೋಳದಲ್ಲಿ ವಂಶವಾಹಿಯ ಬದಲಾವಣೆಯೊಂದರಿಂದ ಈ ಪರಿವರ್ತನೆ ಕುಂಠಿತಗೊಂಡಿದ್ದು, ಕಾಳಿನಲ್ಲಿ ಸಕ್ಕರೆ ಮತ್ತು ನೀರಿನ ಅಂಶವೇ ಹೆಚ್ಚು. ಅದಕ್ಕೆ ದೀರ್ಘ ಬೇಯುವಿಕೆಯ ಅಗತ್ಯವಿಲ್ಲ.

ಕಿತ್ತ ನಂತರವೂ ತೆನೆ ಉಸಿರಾಡುತ್ತಲೇ ಇರುತ್ತದೆ. ಸಕ್ಕರೆ ಕರಗುತ್ತಲೇ ಹೋಗುತ್ತದೆ. ಸಾಮಾನ್ಯ ಸಿಹಿ ಜೋಳವನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಟ್ಟರೆ ಒಂದೇ ದಿನದಲ್ಲಿ ಅರ್ಧದಷ್ಟು ಸಕ್ಕರೆ ನಷ್ಟವಾಗುತ್ತದೆ. ಸೊನ್ನೆ ಡಿಗ್ರಿಯ ಸಮೀಪದಲ್ಲಿ ಈ ನಷ್ಟ ಶೇ 10ಕ್ಕಿಂತ ಕಡಿಮೆ. ಹೆಚ್ಚು ಸಿಹಿಯ ಹೊಸ ತಳಿಗಳು ಸ್ವಲ್ಪ ಹೆಚ್ಚು ದಿನ ತಾಳುತ್ತವೆಯಾದರೂ ತಂಪು ಅವಕ್ಕೂ ಬೇಕು.

ಆಯ್ಕೆ ಹೇಗೆ?: ಹಸಿರು ಮುಸುಕಿನೊಳಗಿರುವ ತೆನೆಯನ್ನೇ ಆರಿಸಿಕೊಳ್ಳುವುದು ಒಳಿತು. ಸಿಪ್ಪೆ ಸುಲಿದಿಟ್ಟ ತೆನೆ ಬೇಗ ಒಣಗುತ್ತದೆ. ತುದಿಯ ಕೂದಲು ಕಂದುಬಣ್ಣಕ್ಕೆ ತಿರುಗಿರಬೇಕು, ಆದರೆ ಕೊಳೆತಿರಬಾರದು. ಕಾಳನ್ನು ಉಗುರಿನಿಂದ ಒತ್ತಿದರೆ ರಸ ಚಿಮ್ಮಬೇಕು. ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಬಲಿತಿದೆ ಎಂದರ್ಥ. ಮನೆಗೆ ತಂದ ತೆನೆಯನ್ನು ಮುಸುಕಿನ ಸಮೇತ ಫ್ರಿಜ್‌ನಲ್ಲಿಟ್ಟು ಒಂದೆರಡು ದಿನದೊಳಗೆ ಬಳಸಬೇಕು.

ಬೇಯಿಸುವ ಬಗೆ: ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಸಿಪ್ಪೆ ಮತ್ತು ಕೂದಲು ತೆಗೆದ ತೆನೆಗಳನ್ನು ಮುಳುಗಿಸಿ, 4ರಿಂದ 5 ನಿಮಿಷ ಬೇಯಿಸಿದರೆ ಸಾಕು. ಇಡ್ಲಿ ಪಾತ್ರೆಯ ಹಬೆಯಲ್ಲಾದರೆ 7-8 ನಿಮಿಷ ಬೇಕು. ಮೈಕ್ರೋವೇವ್ ಇದ್ದವರು ಒಂದು ತೆನೆಯನ್ನು ಮುಸುಕಿನ ಸಮೇತ 3-4 ನಿಮಿಷ ಇಡಬಹುದು. ಮುಸುಕಿನ ತೇವವೇ ಹಬೆಯಾಗಿ ಕಾಳನ್ನು ಬೇಯಿಸುತ್ತದೆ. ಬಿಚ್ಚುವಾಗ ಒಳಗಿನ ಬಿಸಿ ಹಬೆ ಕೈಗೆ ತಾಗದಂತೆ ಎಚ್ಚರ ವಹಿಸುವುದು ಅಗತ್ಯ. ಸುಟ್ಟ ರುಚಿಯೇ ಬೇಕೆನ್ನುವವರು ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ತಿರುಗಿಸುತ್ತಾ 8-10 ನಿಮಿಷ ಸುಡಬಹುದು.

ಬೆಂದ ತೆನೆಯನ್ನು ಬಿಸಿನೀರಿನಲ್ಲೇ ಬಹುಹೊತ್ತು ಬಿಡಬಾರದು. ಉಪ್ಪು, ಬೆಣ್ಣೆ ಅಥವಾ ನಿಂಬೆರಸ ಹಾಗೂ ಖಾರದಪುಡಿಯನ್ನು ತಿನ್ನುವ ಮುನ್ನ ಸವರಿದರೆ ರುಚಿ ಹೆಚ್ಚುತ್ತದೆ. ಉಳಿದ ತೆನೆಯ ಕಾಳು ಬಿಡಿಸಿ ಮರುದಿನದ ಉಪ್ಪಿಟ್ಟಿಗೋ ಕೋಸಂಬರಿಗೋ ಸೇರಿಸಬಹುದು.

ಒಂದು ವೇಳೆ ತಂದ ತೆನೆ ಬಲಿತಿದ್ದರೆ ಬೇಯಿಸುವ ಅವಧಿ ಹೆಚ್ಚಿಸಿದರೆ ಕಾಳು ಮೆತ್ತಗಾದೀತು. ಆದರೆ ಕಳೆದುಹೋದ ಸಿಹಿ ಮರಳದು. ಹೀಗಾಗಿ ಸಿಹಿ ಜೋಳದ ರುಚಿ ಒಲೆಗಿಂತ ಮೊದಲು ಅಂಗಡಿಯಲ್ಲೇ ನಿರ್ಧಾರವಾಗುತ್ತದೆ.