ವಚನ ಗಾಯನದ ಮರುಮುದ್ರಣ: ಹಾಡಿದವರ ಹೆಸರೆಲ್ಲಿ?

ಜಯನಗರ ಎಂಟನೆಯ ಬ್ಲಾಕಿನಲ್ಲಿ, ಸಂಗೀತ ಕಚೇರಿಗಳಿಗೆ ಹೆಸರಾದ ಜೆ.ಎಸ್.ಎಸ್. ಸಭಾಂಗಣಕ್ಕೆ ಅನತಿ ದೂರದಲ್ಲಿ, ನನಗೆ ಬಹುಕಾಲದಿಂದ ಪರಿಚಿತವಾದ ಶರಣ ಕುಟುಂಬವೊಂದು ವಾಸವಾಗಿತ್ತು. ಮೂಲತಃ ಧಾರವಾಡ ಸೀಮೆಯವರು. ಮನೆಯ ಹಿರಿಯರು ಲಿಂಗೈಕ್ಯರಾಗಿ ಐದು ವರ್ಷಗಳಾಗಿದ್ದವು. ಕಳೆದ ಬೇಸಿಗೆಯಲ್ಲಿ ಆ ಹಳೆಯ ಮನೆಯನ್ನು ಬಿಟ್ಟು ಜೆ.ಪಿ. ನಗರದ ಫ್ಲ್ಯಾಟಿಗೆ ಹೋಗುವ ಸಿದ್ಧತೆ ನಡೆದಿದ್ದಾಗ ಮನೆಯ ಅಜ್ಜಿಯವರು ನನಗೆ ಕರೆ ಕಳುಹಿಸಿದರು. ಪುಸ್ತಕಗಳನ್ನು ಯಾವುದಾದರೂ ಮಠದ ಗ್ರಂಥಾಲಯಕ್ಕೆ ತಲುಪಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ನಾನು ಹೋದಾಗ ಬಾಗಿಲ ಬಳಿ ಗುಜರಿಯವನಿಗೆಂದು ತೆಗೆದಿಟ್ಟ ಮೂರು ರಟ್ಟಿನ ಪೆಟ್ಟಿಗೆಗಳಿದ್ದವು. ಎರಡರಲ್ಲಿ ಧ್ವನಿಸುರುಳಿಗಳು, ಮೂರನೆಯದರಲ್ಲಿ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹದಿನಾಲ್ಕು ಗ್ರಾಮಫೋನ್ ತಟ್ಟೆಗಳು.

ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ವಿನಯವಂತ. ಹಿರಿಯರ ವಸ್ತುವನ್ನು ತಾತ್ಸಾರದಿಂದ ಎಸೆಯುವವನಲ್ಲ. "ಇವೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ ಶಾಸ್ತ್ರಿಗಳೇ, ಇನ್ನೂ ಶುದ್ಧವಾಗಿ ಕೇಳಿಸುತ್ತವೆ" ಎಂದನು. ಅವನ ಮಾತು ಸುಳ್ಳಲ್ಲ. ಹಳೆಯ ಎಚ್.ಎಂ.ವಿ.ಯ ಭಂಡಾರ ಇಂದು ಸರೆಗಮ ಎಂಬ ಹೆಸರಿನಲ್ಲಿದೆ. ಒಂದು ಕಾಲಕ್ಕೆ ಎಂಥ ಸಿರಿವಂತರೂ ಕೂಡಿಸಿಡಲಾಗದಷ್ಟು ಸಂಗೀತ ಇಂದು ಸಾಮಾನ್ಯ ವಿದ್ಯಾರ್ಥಿಯ ಜೇಬಿನಲ್ಲಿದೆ. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಗಣಕೀಕರಿಸಿ ಎಲ್ಲರಿಗೂ ಕೇಳಲು ದೊರಕಿಸಿರುವುದು ಸ್ತುತ್ಯವಾದ ಕಾರ್ಯ. ಇಷ್ಟೆಲ್ಲ ಸಿಗುತ್ತಿರುವಾಗ ಈ ಪೆಟ್ಟಿಗೆಗಳ ಗೊಡವೆ ಏಕೆ?

ಪರೀಕ್ಷಿಸಿಯೇ ನೋಡೋಣವೆಂದು ಪೆಟ್ಟಿಗೆಯಿಂದ ಸಿದ್ಧರಾಮ ಜಂಬಲದಿನ್ನಿಯವರ ವಚನಗಳ ಸುರುಳಿಯೊಂದನ್ನು ತೆಗೆದೆ. ರಾಯಚೂರು ಸೀಮೆಯ ಆ ಮಹಾನುಭಾವರ ಕಂಠವನ್ನು ನಮ್ಮ ತಲೆಮಾರಿನವರು ನಿದ್ರೆಯಲ್ಲಿಯೂ ಗುರುತಿಸಬಲ್ಲರು. ಹುಡುಗ ಫೋನಿನಲ್ಲಿ ಹುಡುಕಿದ. ಸ್ವಲ್ಪ ಹೊತ್ತಿಗೆ ಅದೇ ಧ್ವನಿ, ಅದೇ ಹಾರ್ಮೋನಿಯಂ, ಅದೇ ವಚನ ಕೇಳಿಬಂತು. ಆದರೆ ಅಲ್ಲಿ ಹಾಡಿದವರ ಹೆಸರಿನ ಜಾಗದಲ್ಲಿ "ವಿವಿಧ ಕಲಾವಿದರು" ಎಂದಿತ್ತು. ಹಾಡಿದ್ದು ಅಕ್ಕಮಹಾದೇವಿಯ ವಚನ. ಬರೆದವರು ಬಸವಣ್ಣನವರೆಂದು ನಮೂದಾಗಿತ್ತು. ವರ್ಷವೆಂದು ಕೊಟ್ಟಿದ್ದು ಯಾರೋ ಅದನ್ನು ಏರಿಸಿದ ವರ್ಷ. ಆ ವೇಳೆಗೆ ಜಂಬಲದಿನ್ನಿಯವರು ಇಹಲೋಕದಲ್ಲಿಯೇ ಇರಲಿಲ್ಲ. ಗುಜರಿಗೆ ಹೊರಟಿದ್ದ ಸುರುಳಿಯ ಹೊದಿಕೆಯ ಚೀಟಿಯಲ್ಲಾದರೋ ಗಾಯಕರ ಹೆಸರು, ಪ್ರತಿಯೊಂದು ವಚನದ ಕರ್ತೃ, ತಬಲಾ ಸಾಥಿಯ ಹೆಸರು ಎಲ್ಲವೂ ಅಚ್ಚಾಗಿದ್ದವು. ಎಂಟು ಅಂಗುಲ ಉದ್ದದ, ಮೂರು ಮಡಿಕೆಯ ಒಂದು ಕಾಗದ!

ಕೆಲವು ದಿನಗಳ ಬಳಿಕ ಅದೇ ಹುಡುಗನನ್ನು ಕರೆದುಕೊಂಡು ಅವರ ಹೊಸ ಮನೆಗೆ ಸಮೀಪದಲ್ಲೇ ಇರುವ ಸಂಗೀತ ಸಂಗ್ರಹಾಲಯಕ್ಕೆ ಹೋದೆ. ಜೆ.ಪಿ. ನಗರ ಏಳನೆಯ ಹಂತದಲ್ಲಿ 2019ರಲ್ಲಿ ಆರಂಭವಾದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಅದು. ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಒಂದು ದಿನ ಕಳೆಯಲು ಯೋಗ್ಯವಾದ ಸ್ಥಳ. ಗ್ರಾಮಫೋನಿನ ಕಾಲದಿಂದ ಇಂದಿನವರೆಗೆ ಧ್ವನಿಮುದ್ರಣ ನಡೆದುಬಂದ ದಾರಿಯನ್ನು ನೋಡುತ್ತ ನಿಂತಾಗ ಅವನಿಗೆ ಗೌಹರ್ ಜಾನಳ ಕಥೆ ಹೇಳಿದೆ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ನಮ್ಮ ದೇಶದ ಮೊದಲ ಮುದ್ರಣಗಳು ನಡೆದಾಗ ಆಕೆ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಅದು ಗರ್ವದ ಮಾತಲ್ಲ. ಮುದ್ರಣದ ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಿ ಬರಬೇಕಿತ್ತು. ಭಾಷೆಯರಿಯದ ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಇದ್ದ ಗುರುತು ಅದೊಂದೇ. ಅದೇ ಗೌಹರ್ ಜಾನ್ ಮೈಸೂರು ಅರಸರ ಆಸ್ಥಾನ ವಿದುಷಿಯಾಗಿ 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಇದನ್ನು ಕೇಳಿ ಹುಡುಗ ಥಟ್ಟನೆ, "ಹಾಗಾದರೆ ಅದು ಅಂಕಿತ ಇದ್ದ ಹಾಗೆ" ಎಂದನು. ಅಂಕಿತವು ಇಷ್ಟದೈವದ ಹೆಸರೇ ಹೊರತು ವಚನಕಾರರ ಹೆಸರಲ್ಲವೆಂದು ತಿದ್ದಬೇಕಾಯಿತಾದರೂ ಅವನು ಹಿಡಿದ ಎಳೆ ಸರಿಯಾದದ್ದೇ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಅಂಕಿತಗಳು ಇಲ್ಲದಿದ್ದರೆ ಎಂಟುನೂರು ವರ್ಷಗಳ ಬಳಿಕ ಯಾರ ವಚನ ಯಾರದೆಂದು ಬೇರ್ಪಡಿಸುವ ಬಗೆ ಯಾವುದು?

ಹೆಸರಿನ ವಿಷಯ ಗಾಯಕರಲ್ಲಿಯೂ ಅಷ್ಟು ಸರಳವಲ್ಲ. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕನಿಗೆ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟರು. ಬಿರುದೇ ಹೆಸರಾಗಿ ಜಗತ್ತನ್ನು ವ್ಯಾಪಿಸಿತು. ಇಂಥವನ್ನು ಬಲ್ಲವರು ಬರೆದಿಡದಿದ್ದರೆ ಯಂತ್ರಕ್ಕೆ ತಿಳಿಯುವುದು ಹೇಗೆ?

ವಚನ ಗಾಯನದಲ್ಲಿ ಇನ್ನೊಂದು ತೊಡಕಿದೆ. ವಚನವು ಹಾಡಲೆಂದೇ ರಚಿತವಾದ ಕೃತಿಯಲ್ಲ. ರಾಗತಾಳಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಶರಣರ ಸ್ವರವಚನಗಳು, ನಿಜಗುಣ ಶಿವಯೋಗಿಗಳ ಹಾಡುಗಳು, ನಮ್ಮ ಬೆಂಗಳೂರಿನಲ್ಲಿಯೇ ಬಾಳಿದ ಸರ್ಪಭೂಷಣ ಶಿವಯೋಗಿಗಳ ಕೈವಲ್ಯ ಪದಗಳು ಹಾಡಿಗೆಂದೇ ಕಟ್ಟಿದವು, ಅವುಗಳಿಗೆ ಪಲ್ಲವಿಯಿದೆ. ವಚನಕ್ಕೆ ಪಲ್ಲವಿಯಿಲ್ಲ. ಗಾಯಕನು ಒಂದು ಸಾಲನ್ನು ಆರಿಸಿ ಪಲ್ಲವಿ ಮಾಡಿಕೊಳ್ಳುತ್ತಾನೆ, ಮತ್ತೆ ಮತ್ತೆ ಅದಕ್ಕೇ ಮರಳುತ್ತಾನೆ. ವಚನವಾದರೋ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಯ ನುಡಿಯಲ್ಲಿ ಬಾಗಿಲು ತೆರೆಯುವಂಥದು. ಮೊದಲ ಸಾಲಿಗೇ ಹತ್ತು ಬಾರಿ ಮರಳಿದರೆ ಮೆಟ್ಟಿಲು ಹತ್ತಿ ಇಳಿದಂತಾಯಿತೇ ಹೊರತು ಬಾಗಿಲು ತೆರೆಯಲಿಲ್ಲ. ಹಳೆಯ 78ರ ತಟ್ಟೆಯ ಒಂದು ಪಕ್ಕದಲ್ಲಿ ಸುಮಾರು ಮೂರು ನಿಮಿಷದ ಅವಕಾಶವಷ್ಟೇ. ನುಡಿಯನ್ನು ಮೊಟಕುಗೊಳಿಸುವ ಒತ್ತಡ ಅಲ್ಲಿಂದಲೇ ಬಂದದ್ದು.

ಈ ಕಷ್ಟವನ್ನು ಗೆದ್ದವರು ಲಿಂ. ಪಂ. ಮಲ್ಲಿಕಾರ್ಜುನ ಮನಸೂರರು. ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತು, ಅನಂತರ ಮಂಜಿಖಾನ್, ಬುರ್ಜಿಖಾನರಲ್ಲಿ ಜೈಪುರ ಘರಾಣೆಯ ಅಪರೂಪದ ರಾಗಗಳನ್ನು ಸಿದ್ಧಿಸಿಕೊಂಡ ಅವರು ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಪರಮ ಭಕ್ತರು. ವಚನ ಹಾಡುವಾಗ ಆ ವಿದ್ಯೆಯನ್ನೆಲ್ಲ ಬದಿಗಿರಿಸಿ ನುಡಿಗೆ ದಾರಿ ಬಿಡುತ್ತಿದ್ದರು. ತಾನು ಎಲ್ಲಿ ಬೇಕೋ ಅಲ್ಲಿ, ನುಡಿಗೆ ಅಡ್ಡಬಾರದಷ್ಟೇ. ಅಂಕಿತ ಬಂದಾಗ ಅವರ ದನಿ ಬಾಗುವುದನ್ನು ಕೇಳಿದವರು ಮರೆಯಲಾರರು. ಅವರು 1992ರಲ್ಲಿ ಲಿಂಗೈಕ್ಯರಾದರು. ಬಸವರಾಜ ರಾಜಗುರುಗಳು ಅದರ ಹಿಂದಿನ ವರ್ಷ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಾದರೋ ಪಂಚಾಕ್ಷರ ಗವಾಯಿಗಳಿಂದ ಪುಟ್ಟರಾಜ ಗವಾಯಿಗಳಿಗೆ, ಅವರಿಂದ ವೆಂಕಟೇಶಕುಮಾರರಿಗೆ ಹರಿದು ಇಂದಿಗೂ ಜೀವಂತವಾಗಿದೆ.

ಧ್ವನಿಸುರುಳಿಯ ಯುಗ ಬಂದುದು ಇವರೆಲ್ಲರಿಗೂ ವರವಾಯಿತು. ಒಂದು ತಾಸಿನ ಸುರುಳಿಯಲ್ಲಿ ಎಂಟು ಹತ್ತು ವಚನಗಳನ್ನು ಆತುರವಿಲ್ಲದೆ ಹಾಡಬಹುದಾಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಸ್ವರಕ್ಕಳವಡಿಸಿದ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆ ಮನೆಮನೆಯ ಸ್ವತ್ತಾಯಿತು. ಅದರ ಹಿಂದೆಯೇ ವಚನ, ತತ್ವಪದ, ಜನಪದ ಗೀತೆಗಳೂ ಬಂದವು. ಬಸವ ಜಯಂತಿಯ ಪೆಂಡಾಲಿನಲ್ಲಿ, ಜಾತ್ರೆಯ ಬಯಲಿನಲ್ಲಿ, ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ ಅವೇ ದನಿಗಳು. ಅಕ್ಷರವರಿಯದ ತಾಯಂದಿರು ನೂರಾರು ವಚನಗಳನ್ನು ಕಂಠಪಾಠ ಮಾಡಿದ್ದು ಪುಸ್ತಕದಿಂದಲ್ಲ, ಆ ಸುರುಳಿಗಳಿಂದ. ಅಕಾಡೆಮಿಗಳು ಮಾಡದ ಕೆಲಸವನ್ನು ಹಳೆಯ ಟೇಪ್ ರೆಕಾರ್ಡರುಗಳು ಮಾಡಿದವೆಂದರೆ ವಿದ್ವಾಂಸ ಮಿತ್ರರು ಮುನಿಯಬಾರದು.

ಹೊಸಬರ ಬಗೆಗೆ ನನ್ನ ತಕರಾರೇನೂ ಇಲ್ಲ. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಸಂಕಲನದಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ಗಿಟಾರಿನ ಅಬ್ಬರಕ್ಕೆ ಮೊದಮೊದಲು ನನ್ನ ಕಿವಿ ಹಿಂದೆಗೆಯಿತು. ಆದರೆ ನುಡಿ ಸ್ಪಷ್ಟವಾಗಿ ಕೇಳುತ್ತದೆ, ಕೇಳಿದ ಹುಡುಗರು ಶರೀಫರು ಯಾರೆಂದು ವಿಚಾರಿಸುತ್ತಾರೆ. ತಂಬೂರಿಯನ್ನೇ ಹಿಡಿದು ನುಡಿಯನ್ನು ನುಂಗುವವರಿಗಿಂತ ಇದು ಮೇಲು.

ನನ್ನ ಕಳವಳ ಹೆಸರಿನದು ಮತ್ತು ಪಾಠದ್ದು. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚಾದ ‘ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ಆ ವಾದವನ್ನು ಇಲ್ಲಿ ಕೆದಕುವುದು ನನ್ನ ಉದ್ದೇಶವಲ್ಲ. ಪುಸ್ತಕದಲ್ಲಿ ಒಂದು ಅಂಕಿತಕ್ಕಾಗಿ ದಿಲ್ಲಿಯವರೆಗೆ ಹೋದ ಸಮಾಜವು, ಹಾಡಿನಲ್ಲಿ ಅಂಕಿತವೇ ತಬಲದ ಸದ್ದಿನಲ್ಲಿ ಕರಗಿಹೋದಾಗ, ಅಕ್ಕನ ವಚನ ಅಣ್ಣನ ಹೆಸರಿನಲ್ಲಿ ಮರುಮುದ್ರಣವಾದಾಗ ಸುಮ್ಮನಿದೆಯಲ್ಲ ಎಂಬುದಷ್ಟೇ ನನ್ನ ಮಾತು. ಪರಿಹಾರ ಕಷ್ಟದ್ದೇನಲ್ಲ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಪ್ರತಿ ವಚನಕ್ಕೂ ಸಂಖ್ಯೆಯಿದೆ. ಹೊಸದಾಗಿ ವಚನ ಸಂಕಲನ ಹೊರತರುವವರೂ, ಹಳೆಯದನ್ನು ಮರಳಿ ತರುವವರೂ ಗಾಯಕರ ಹೆಸರಿನೊಡನೆ ಸಂಪುಟ ಮತ್ತು ವಚನದ ಸಂಖ್ಯೆಯನ್ನು ನಮೂದಿಸಿದರೆ ಸಾಕು. ತಪ್ಪಿದ್ದಲ್ಲಿ ಯಾರಾದರೂ ತೆರೆದು ನೋಡಿ ತಿದ್ದಬಹುದು.

ಓದುಗರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳಿರುತ್ತವೆ. ಆದ್ದರಿಂದ ಅನುಭವದಿಂದ ಕಲಿತ ಕೆಲವು ಮಾತು. 78ರ ತಟ್ಟೆಗಳು ಅರಗಿನವು. ಅವುಗಳನ್ನು ಸ್ಪಿರಿಟ್‌ನಿಂದ ಒರೆಸಲೇಬಾರದು, ಅರಗು ಕರಗುತ್ತದೆ. ತೇವದ ಮೆತ್ತನೆಯ ಬಟ್ಟೆ ಸಾಕು. ಎಲ್.ಪಿ. ತಟ್ಟೆಯ ಸೂಜಿಯನ್ನು ಅವುಗಳ ಮೇಲೆ ಇಡಬಾರದು. ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ನುಡಿಸಲು ಅವಸರಪಡಬೇಡಿ; ಬೂಷ್ಟು ಯಂತ್ರಕ್ಕೂ ಅಲ್ಲಿಂದ ಮುಂದಿನ ಸುರುಳಿಗೂ ಹಬ್ಬುತ್ತದೆ. ಒಳಗಿನ ಪುಟ್ಟ ಮೆತ್ತೆ ಉದುರಿಹೋಗಿದ್ದರೆ ಟೇಪನ್ನು ಬೇರೊಂದು ಒಳ್ಳೆಯ ಕವಚಕ್ಕೆ ವರ್ಗಾಯಿಸಬಹುದು. ಸ್ಕ್ರೂ ಇರುವ ಕವಚವಾದರೆ ಐದು ಸ್ಕ್ರೂಗಳ ಕೆಲಸ. ಯಂತ್ರದ ಬೆಲ್ಟು ಸಡಿಲಾಗಿದ್ದರೆ ಗಾಯಕರ ಶ್ರುತಿಯೇ ಇಳಿದು ಕೇಳುತ್ತದೆ, ಅದನ್ನು ಹಾಗೆಯೇ ಗಣಕಕ್ಕೆ ಇಳಿಸಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ಕ್ಕೆ ಮೊದಲು ಪ್ರಕಟವಾದ ತಟ್ಟೆಗಳನ್ನು ನಿಸ್ಸಂಕೋಚವಾಗಿ ಹಂಚಿಕೊಳ್ಳಬಹುದು. ಆಮೇಲಿನವುಗಳನ್ನು ಮನೆಯ ಮಟ್ಟಿಗೆ ಕಾಪಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲು ಹೊದಿಕೆಯ ಚೀಟಿಯ ಎರಡೂ ಮಗ್ಗುಲಿನ ಚಿತ್ರ ತೆಗೆದಿಡಿ.

ಆ ಕುಟುಂಬದ ಪೆಟ್ಟಿಗೆಗಳು ಗುಜರಿಗೆ ಹೋಗಲಿಲ್ಲ. ಭಾನುವಾರಗಳಂದು ಹುಡುಗನೂ ನಾನೂ ಕುಳಿತು ಎಪ್ಪತ್ತಕ್ಕೂ ಮಿಗಿಲಾದ ಸುರುಳಿಗಳನ್ನು ಇಳಿಸಿ, ವಚನಗಳ ಸಂಖ್ಯೆ ಹುಡುಕಿ ಬರೆದಿದ್ದೇವೆ. ಅವುಗಳಲ್ಲೊಂದಕ್ಕೆ ಚೀಟಿಯೇ ಇಲ್ಲ. ಹಿರಿಯರು ಧಾರವಾಡದಲ್ಲಿದ್ದಾಗ ಆಕಾಶವಾಣಿಯಿಂದ ಮುದ್ರಿಸಿಕೊಂಡದ್ದು. ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬರ ಕಂಠ, ಹಾರ್ಮೋನಿಯಂ ಮತ್ತು ತಾಳ ಮಾತ್ರ, ತಬಲವಿಲ್ಲ. ಅಕ್ಕನ ಆರು ವಚನಗಳು. ಒಂದರಲ್ಲಿಯೂ ಒಂದಕ್ಷರ ಬಿಟ್ಟಿಲ್ಲ, ಪ್ರತಿ ಅಂಕಿತದ ಮುಂಚೆ ಒಂದು ಕ್ಷಣದ ಮೌನ. ಕೊನೆಯಲ್ಲಿ ಉದ್ಘೋಷಕರು "ಈಗ ನೀವು ಕೇಳಿದ್ದು" ಎನ್ನುವಷ್ಟರಲ್ಲಿ ಕಟ್ಟೆಂದು ನಿಲ್ಲುತ್ತದೆ.

"ಹೆಸರು ಹೇಳೋದ್ರಾಗ ಟೇಪು ಖರ್ಚಾಗ್ತದಂತ ಬಂದ್ ಮಾಡ್ತಿದ್ರು ನೋಡ್ರಿ" ಎಂದು ಅಜ್ಜಿಯವರು ನಕ್ಕರು. ಅವರಿಗೂ ಆ ಗಾಯಕಿಯ ಹೆಸರು ನೆನಪಿಲ್ಲ. ಎರಡನೆಯ ವಚನದ ನಡುವೆ ಆಕೆ ಒಮ್ಮೆ ಮೆಲ್ಲನೆ ಕೆಮ್ಮುತ್ತಾರೆ. ಓದುಗ ಬಂಧುಗಳಲ್ಲಿ ಆ ಕಾಲದ ಧಾರವಾಡ ನಿಲಯದ ಕಲಾವಿದರನ್ನು ಬಲ್ಲ ಹಿರಿಯರಿದ್ದರೆ ಪತ್ರಿಕೆಗೆ ಬರೆಯಬೇಕಾಗಿ ಪ್ರಾರ್ಥನೆ. ಸುರುಳಿಯ ಪ್ರತಿಯನ್ನು ನಾನೇ ತಂದು ಕೇಳಿಸುತ್ತೇನೆ.