ಎಳೆಯ ಕೈಗಳಿಗೆ ಎಂಥ ವಿಡಿಯೋ ಗೇಮ್?

ಮಗುವಿಗೆ ಆಟವೇ ಮೊದಲ ಪಾಠ. ಕುಂಟೆಬಿಲ್ಲೆ, ಚೌಕಾಬಾರ, ಅಳಗುಳಿಮನೆಗಳನ್ನಾಡಿ ಬೆಳೆದ ಹಿರಿಯರ ಮನೆಗಳಿಗೆ ಇಂದು ಬೇರೊಂದು ಬಗೆಯ ಆಟ ಪ್ರವೇಶಿಸಿದೆ. ಅಮೆರಿಕದಿಂದ ಬರುವ ಸೋದರಮಾವ ಪುಟ್ಟ ಅಳಿಯನಿಗೆ ವಿಡಿಯೋ ಗೇಮ್ ಕನ್ಸೋಲ್ ತರುವೆನೆನ್ನುತ್ತಾನೆ. ನೆರೆಮನೆಯ ಮಗುವಿನ ಬಳಿ ಇರುವುದು ತನಗೂ ಬೇಕೆಂದು ಮಗಳು ಹಟ ಹಿಡಿಯುತ್ತಾಳೆ. ತರುವುದೋ ಬೇಡವೋ, ತಂದರೆ ಯಾವುದನ್ನು ತರುವುದು ಎಂಬ ಪ್ರಶ್ನೆ ಆಗ ತಂದೆತಾಯಿಗಳನ್ನು ಕಾಡುತ್ತದೆ. ವಸ್ತುವನ್ನೂ ಮಗುವನ್ನೂ ಚೆನ್ನಾಗಿ ಅರಿತು ನಿರ್ಧರಿಸುವುದೇ ವಿವೇಕವೆಂದು ನಾವು ಭಾವಿಸುತ್ತೇವೆ.

ವಯಸ್ಸಿನ ವಿಚಾರ

ಬೆಲೆಯನ್ನು ವಿಚಾರಿಸುವ ಮೊದಲು ಮಗುವಿನ ವಯಸ್ಸನ್ನು ವಿಚಾರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಕೂಸುಗಳಿಗೆ ಪರದೆಯ ಸಹವಾಸವೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 2021ರಲ್ಲಿ ನೀಡಿದ ಸಲಹೆಯೂ ಇದೇ ಹಾದಿಯದು: ಎರಡು ವರ್ಷದೊಳಗೆ ಬೇಡ, ಐದರವರೆಗೆ ಹಿರಿಯರ ಕಣ್ಗಾವಲಿನಲ್ಲಿ ಗರಿಷ್ಠ ಒಂದು ಗಂಟೆ. ಈ ಒಂದು ಗಂಟೆಯಲ್ಲಿ ದೂರದರ್ಶನವೂ ಮೊಬೈಲೂ ಸೇರಿವೆ ಎಂಬುದನ್ನು ಮರೆಯಬಾರದು.

ಹೀಗಿರುವಾಗ ಎರಡು ವರ್ಷದ ಮಗುವಿಗೆ ಕನ್ಸೋಲಿನ ಪ್ರಶ್ನೆಯೇ ಉದ್ಭವಿಸದು. ಮಾತು ಕಲಿಯುವ, ಮಣ್ಣು ಮುಟ್ಟುವ, ಅಜ್ಜಿಯ ಮುಖ ನೋಡಿ ನಗುವ ಕಾಲವದು. ನಾಲ್ಕೈದು ವರ್ಷ ತುಂಬಿದ ಮೇಲೆ ಈ ವಿಚಾರವನ್ನು ಕೈಗೆತ್ತಿಕೊಳ್ಳುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಕೈಗೆ ತಕ್ಕ ಉಪಕರಣ

ಪ್ಲೇಸ್ಟೇಷನ್ 5ರ ಕೈಹಿಡಿಯು ಸುಮಾರು 280 ಗ್ರಾಂ ತೂಗುತ್ತದೆ. ಅದರ ಗುಂಡಿಗಳೆಲ್ಲವನ್ನೂ ಮುಟ್ಟಲು ಎಳೆಯ ಬೆರಳುಗಳು ಸಾಲವು. ನಿಂಟೆಂಡೊ ಸಂಸ್ಥೆ 2017ರಲ್ಲಿ ಹೊರತಂದ ಸ್ವಿಚ್‌ನ ಬಿಡಿ ಕೈಹಿಡಿಯಾದರೋ ಸುಮಾರು 50 ಗ್ರಾಂ ಮಾತ್ರ. ಅಡ್ಡವಾಗಿ ಹಿಡಿದರೆ ಒಂದೊಂದನ್ನು ಒಬ್ಬೊಬ್ಬರಂತೆ ಅಕ್ಕ ತಮ್ಮ ಇಬ್ಬರೂ ಆಡಬಹುದು. ಅದನ್ನು ಟಿವಿಗೂ ಜೋಡಿಸಬಹುದು. 2019ರ ಸ್ವಿಚ್ ಲೈಟ್ ಬೆಲೆಯಲ್ಲಿ ಅಗ್ಗವಾದರೂ ಅದನ್ನು ಟಿವಿಗೆ ಜೋಡಿಸಲಾಗದು. ಮಗು ತಲೆ ಬಗ್ಗಿಸಿ ಒಂಟಿಯಾಗಿ ಆಡಬೇಕಾಗುತ್ತದೆ. ನಡುಮನೆಯ ಟಿವಿಯಲ್ಲಿ ಎಲ್ಲರೆದುರು ನಡೆಯುವ ಆಟವೇ ಎಳೆಯರಿಗೆ ಹಿತ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಹೆಚ್ಚಿನ ಸಾಮರ್ಥ್ಯ ಐದು ವರ್ಷದ ಮಗುವಿಗೆ ಬೇಕಿಲ್ಲ.

ಕೈಹಿಡಿಯೇ ಇಲ್ಲದ ಕನ್ಸೋಲೂ ಇದೆ. 2023ರಲ್ಲಿ ಅಮೆರಿಕದಲ್ಲಿ ಬಂದ ನೆಕ್ಸ್ ಪ್ಲೇಗ್ರೌಂಡ್ ಕ್ಯಾಮೆರಾದ ಮೂಲಕ ಮಗುವಿನ ಚಲನೆಯನ್ನೇ ಗುರುತಿಸುತ್ತದೆ. ಮಗು ಕುಣಿದು, ಜಿಗಿದು, ಕೈಬೀಸಿ ಆಡುತ್ತದೆ. ಮೈಗೆ ವ್ಯಾಯಾಮವಾಗುವುದು ಅದರ ಗುಣ. ಆದರೆ ಅದರೊಡನೆ ಬರುವ ಆಟಗಳು ಕೆಲವೇ. ಉಳಿದವುಗಳಿಗೆ ಚಂದಾ ಕಟ್ಟಬೇಕು. ವಿದೇಶದಿಂದ ತರಿಸುವವರು ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ, ಕೆಟ್ಟರೆ ಇಲ್ಲಿ ದುರಸ್ತಿಯಾದೀತೇ ಎಂದು ಮೊದಲೇ ವಿಚಾರಿಸಬೇಕು.

ಇನ್ನೊಂದು ಎಚ್ಚರಿಕೆ. ಎಳೆಯರು ಕಂಡದ್ದನ್ನೆಲ್ಲ ಬಾಯಿಗಿಡುತ್ತಾರೆ. ಸ್ವಿಚ್‌ನ ಪುಟ್ಟ ಗೇಮ್ ಕಾರ್ಡುಗಳಿಗೆ ತಯಾರಕರು ಡೆನಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿ ದ್ರವ್ಯವನ್ನು ಲೇಪಿಸಿರುವುದು ಇದೇ ಕಾರಣಕ್ಕೆ. ಜಾತ್ರೆ, ಸಂತೆಗಳಲ್ಲಿ ದೊರೆಯುವ ಅಗ್ಗದ ಆಟಿಕೆಗಳಲ್ಲಿ ಇಂಥ ಕಾಳಜಿಯನ್ನು ನಿರೀಕ್ಷಿಸಲಾಗದು. ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಮನೆಗೆ ತರಲೇಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಧಾವಿಸಿ.

ಆಟದ ಆಯ್ಕೆ ಮತ್ತು ಹಣದ ಬೀಗ

ಪಾತ್ರೆ ಎಷ್ಟು ಚೆನ್ನಾಗಿದ್ದರೇನು, ಒಳಗಿನ ಅಡುಗೆ ಮಗುವಿಗೆ ಪಥ್ಯವಾಗಿರಬೇಡವೇ? ಯುರೋಪಿನ ಪೆಗಿ ಪದ್ಧತಿಯಲ್ಲಿ ಆಟದ ಪೆಟ್ಟಿಗೆಯ ಮೇಲೆ 3, 7, 12, 16, 18 ಎಂಬ ವಯೋಸಂಖ್ಯೆ ಮುದ್ರಿತವಾಗಿರುತ್ತದೆ. 3 ಎಂದಿದ್ದರೆ ಅದರಲ್ಲಿ ಭಯಪಡಿಸುವ ದೃಶ್ಯಗಳಿಲ್ಲವೆಂದರ್ಥವೇ ಹೊರತು ಮೂರು ವರ್ಷದ ಮಗು ಆಡಬಲ್ಲದೆಂದಲ್ಲ. ಆದ್ದರಿಂದ ಎಳೆಯರಿಗೆ ಸಹಾಯ ನೀಡುವ ಆಟಗಳನ್ನು ಹುಡುಕಬೇಕು. 2017ರ ಮಾರಿಯೊ ಕಾರ್ಟ್ 8 ಡಿಲಕ್ಸ್‌ನಲ್ಲಿ ವಾಹನ ದಾರಿ ತಪ್ಪದಂತೆ ತಾನೇ ತಿರುಗಿಕೊಳ್ಳುವ ಏರ್ಪಾಡಿದೆ. ಇಂಥ ಆಟದಲ್ಲಿ ಮಗು ಸೋತು ಅಳುವ ಪ್ರಸಂಗ ಕಡಿಮೆ.

ಹಣದ ವಿಷಯದಲ್ಲಂತೂ ಮೈಮರೆಯುವಂತಿಲ್ಲ. ಫೋರ್ಟ್‌ನೈಟ್ ಆಟದ ತಯಾರಕರಾದ ಎಪಿಕ್ ಗೇಮ್ಸ್ ಸಂಸ್ಥೆಯು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣಗಳಲ್ಲಿ 2022ರ ಡಿಸೆಂಬರ್‌ನಲ್ಲಿ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ ಡಾಲರ್, ಆಟಗಾರರಿಂದ ಅನಪೇಕ್ಷಿತ ಖರೀದಿ ಮಾಡಿಸಿದ್ದಕ್ಕೆ ಮರಳಿಸಬೇಕಾದ ಹಣ. ಕನ್ಸೋಲಿಗೆ ಕ್ರೆಡಿಟ್ ಕಾರ್ಡಿನ ವಿವರ ಕೊಡದಿರುವುದೇ ಉತ್ತಮ. ಪೋಷಕರ ಹಿಡಿತದ ವ್ಯವಸ್ಥೆಯನ್ನು ಪೆಟ್ಟಿಗೆ ಬಿಚ್ಚಿದ ದಿನವೇ ಸಿದ್ಧಪಡಿಸಬೇಕು. ಸ್ವಿಚ್‌ನಲ್ಲಾದರೆ ತಂದೆತಾಯಿಗಳ ಮೊಬೈಲಿನಿಂದಲೇ ದಿನದ ಅವಧಿಯನ್ನು ನಿಗದಿಪಡಿಸಬಹುದು. ಸಮಯ ಮುಗಿದೊಡನೆ ಆಟ ತಾನಾಗಿ ನಿಲ್ಲುವಂತೆಯೂ ಮಾಡಬಹುದು.

ಮನೆಯ ಕಟ್ಟಳೆ

ಯಂತ್ರದ ಬೀಗಕ್ಕಿಂತ ಮನೆಯ ಕಟ್ಟಳೆ ದೊಡ್ಡದು. ಊಟದ ಹೊತ್ತಿನಲ್ಲಿ ಆಟ ಬೇಡ. ಮಲಗುವ ಮುನ್ನ ಒಂದು ಗಂಟೆ ಪರದೆ ಬೇಡ. ಅಳುವ ಮಗುವನ್ನು ಸುಮ್ಮನಾಗಿಸಲು ಕನ್ಸೋಲನ್ನು ಕೈಗಿತ್ತರೆ, ಅತ್ತರೆ ಸಿಗುತ್ತದೆಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಪ್ರತಿದಿನ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂದು ನೇತ್ರತಜ್ಞರು ಕಂಡುಕೊಂಡಿದ್ದಾರೆ. ಆದಕಾರಣ ಅಂಗಳದ ಆಟ ಮೊದಲು, ಪರದೆಯ ಆಟ ಆಮೇಲೆ.

ಕಟ್ಟಳೆ ಸಡಿಲಿದರೆ ಏನಾದೀತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ 2014ರಲ್ಲಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಎಳವೆಯಲ್ಲಿ ಬೇರೂರಿದ ಅಭ್ಯಾಸವನ್ನು ಹರೆಯದಲ್ಲಿ ಕೀಳುವುದು ಸುಲಭವಲ್ಲ.

ಕೊನೆಯದಾಗಿ, ಆಡುವ ಮಗುವಿನ ಪಕ್ಕದಲ್ಲಿ ಮನೆಯ ಹಿರಿಯರೊಬ್ಬರು ಕುಳಿತಿರಲಿ. ಅಜ್ಜನಿಗೆ ಆಟ ಬಾರದಿದ್ದರೂ ಚಿಂತೆಯಿಲ್ಲ, ಮೊಮ್ಮಗಳೇ ಕಲಿಸಲಿ. ಕಲಿಸುತ್ತ ಅವಳು ನಾಲ್ಕು ಮಾತು ಹೆಚ್ಚು ಕಲಿಯುತ್ತಾಳೆ. ಜೊತೆಗೆ ಕೂರಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲವೆಂದಾದರೆ, ಕನ್ಸೋಲನ್ನು ಕೊಳ್ಳಲು ಅದು ತಕ್ಕ ಸಮಯವಲ್ಲವೆಂದು ತಿಳಿಯೋಣ.