ರೂವಿಯ ಹೆಡ್‌ಲೈಟ್ ಅಜ್ಜನ ಕಾರಿಗೆ ಆಗುತ್ತದೆಯೇ?

ಊರಿನಲ್ಲಿರುವ ಅಜ್ಜನ ಕಾರಿಗೆಂದು ರೂವಿಯಲ್ಲೋ ಪಕ್ಕದ ವಾದಿ ಕಬೀರ್‌ನಲ್ಲೋ ಬಿಡಿಭಾಗ ಕೊಳ್ಳುವ ಮುನ್ನ ಒಂದು ವಿಷಯ ನೆನಪಿಡಿ: ಒಮಾನ್‌ನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಭಾರತದಲ್ಲಿ ಎಡಕ್ಕೆ. ಇಲ್ಲಿನ ಹೆಡ್‌ಲೈಟ್ ಬಲ ಅಂಚಿಗೆ ಹೆಚ್ಚು ಬೆಳಕು ಚೆಲ್ಲುತ್ತದೆ; ಊರಿನ ರಸ್ತೆಯಲ್ಲಿ ಅದು ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ. ಸ್ಟಿಯರಿಂಗ್ ರ‍್ಯಾಕ್ ಕೂಡ ಹೊಂದುವುದಿಲ್ಲ. ಫಿಲ್ಟರ್, ಬ್ರೇಕ್ ಪ್ಯಾಡ್ ಆಗಬಹುದು, ಪಾರ್ಟ್ ನಂಬರ್ ತಾಳೆಯಾದರೆ ಮಾತ್ರ. ಏರ್‌ಬ್ಯಾಗನ್ನಂತೂ ವಿಮಾನದ ಲಗೇಜಿಗೆ ಹಾಕಲೇಬೇಡಿ. ಅದನ್ನು ಉಬ್ಬಿಸುವುದು ಸ್ಫೋಟಕ.

ಕಾರಿನ 17 ಅಕ್ಷರ–ಅಂಕಿಗಳ ಚಾಸಿ ನಂಬರನ್ನು ಮಕ್ಕಳೇ ಅಜ್ಜನಿಗೆ ಫೋನ್ ಮಾಡಿ ಬರೆದುಕೊಳ್ಳಲಿ. ಅಂಕಿಗಳು, ಎಡ–ಬಲ, ಮುಂದೆ–ಹಿಂದೆ ಎಲ್ಲವನ್ನೂ ಕನ್ನಡದಲ್ಲೇ ಕೇಳಲಿ. ಒಂದು ಅಂಕಿ ತಪ್ಪಿದರೂ ಬೇರೆ ಭಾಗ ಬಂದೀತು. ಹಾಗಾಗಿ ಅವರು ಗಮನವಿಟ್ಟು ಕೇಳುತ್ತಾರೆ, ಮತ್ತೊಮ್ಮೆ ಓದಿ ಹೇಳುತ್ತಾರೆ. ಪಾಠದ ಪುಸ್ತಕದಲ್ಲಿ ಇಷ್ಟು ತುರ್ತು ಇರುವುದಿಲ್ಲ.